ಗಟಾರದ ಹುಟ್ಟುಹಬ್ಬ

ಫೋನಿನಲ್ಲಿ ಟೈಪ್ ಮಾಡಲು ಕಲಿಸಿದ ಮೊಮ್ಮಗಳು, ಡೊಂಬಿವಲಿಯ ನಮ್ಮ ವಾರ್ಡಿನ ನಗರಸೇವಕನ, ಅಂದರೆ ಕಾರ್ಪೊರೇಟರನ, ವಾಟ್ಸಾಪ್ ಗ್ರೂಪಿಗೂ ನನ್ನನ್ನು ಸೇರಿಸಿದಳು. ಜನರ ದೂರು ಕೇಳಲೆಂದೇ ಮಾಡಿದ ಗ್ರೂಪಂತೆ. ಬೆಳಗೆದ್ದರೆ ಅವನ ಮುಖ, ಗುಲಾಬಿ ಹೂವು, ಯಾರದೋ ಹುಟ್ಟುಹಬ್ಬದ ಬ್ಯಾನರು. ಅದರ ಕೆಳಗೆ ಸಾಲುಸಾಲು ಕೇಕಿನ, ಮುಗಿದ ಕೈಯ ಚಿತ್ರ. ಯಾರೂ ಓದುವುದಿಲ್ಲ, ಒತ್ತುತ್ತಾರೆ ಅಷ್ಟೆ.

ನಮ್ಮ ಗೇಟಿನೆದುರಿನ ಗಟಾರಕ್ಕೆ ಮುಚ್ಚಳವಿರಲಿಲ್ಲ. ಮನೆಮನೆಗೆ ಜೋಳದ ರೊಟ್ಟಿ ತಂದು ಮಾರುತ್ತಿದ್ದ ಕಲಬುರಗಿಯ ಹೆಂಗಸು, ರಸ್ತೆಯಲ್ಲಿ ನೀರು ನಿಂತ ದಿನ ಅದು ಕಾಣದೆ ಬಿದ್ದು ಕಾಲು ಮುರಿದುಕೊಂಡಳು. ಪ್ಲಾಸ್ಟರ್ ಬಿಚ್ಚಿದ ಮೇಲೂ ಅವಳಿಗೆ ಅದೇ ದಾರಿ. ನಾನು ಗಟಾರದ ಫೋಟೊ ಗ್ರೂಪಿಗೆ ಹಾಕಿದೆ. ನಗರಸೇವಕ ಸಾಹೇಬನಿಂದ ಮುಗಿದ ಕೈ ಬಂತು. ಮತ್ತೆ ಹಾಕಿದೆ. ಮತ್ತೆ ಕೈ.

ಮೈ ಉರಿಯಿತು. ಅದೇ ಫೋಟೊಗೆ ಮೊಮ್ಮಗಳ ಕೈಲಿ ಬಲೂನು ಅಂಟಿಸಿ, ‘ನಮ್ಮ ಮುದ್ದಿನ ಗಟಾರಕ್ಕೆ ಹುಟ್ಟುಹಬ್ಬದ ಶುಭಾಶಯ’ ಎಂದು ನನ್ನ ಹರಕು ಮರಾಠಿಯಲ್ಲಿ ಬರೆದು ಗ್ರೂಪಿಗೆ ಹಾಕಿದೆ.

"ಅಜ್ಜೀ, ಪಾಗಲ್ ಹೋ ಕ್ಯಾ? ಗ್ರೂಪ್ ಸೇ ನಿಕಾಲ್ ದೇಂಗೆ!"

"ತೆಗೀಲಿ ಬಿಡೇ. ಬೆಳಬೆಳಿಗ್ಗೆ ಆ ಮೂತಿ ನೋಡೋದಾದ್ರೂ ತಪ್ಪತ್ತೆ."

ಕೇಕುಗಳು ಸುರಿದವು. ಸಾಹೇಬನೂ ಹರಸಿದ: ದೀರ್ಘಾಯುಷ್ಯ ಲಭಿಸಲಿ! ಯಾರೋ ಪುಣ್ಯಾತ್ಮರು ಅದನ್ನು ಊರಿಗೆಲ್ಲ ಹಂಚಿ ನಗಿಸಿದರು.

ಮರುದಿನವೇ ಟೆಂಪೋದಲ್ಲಿ ಮುಚ್ಚಳ ಬಂತು. ಜೊತೆಗೆ ವಿಡಿಯೊ ತೆಗೆಯುವವನು. ಆದರೆ ಮುಚ್ಚಳ ಇಳಿಸಲಿಲ್ಲ. ಬಿದ್ದವಳು ಸಾಹೇಬನಿಗೆ ಧನ್ಯವಾದ ಹೇಳುವ ವಿಡಿಯೊ ಮೊದಲು ಆಗಬೇಕಂತೆ, ಅವನ ಫೇಸ್‌ಬುಕ್ಕಿಗೆ. ಸಾಹೇಬ ಕಾರಿನಲ್ಲೇ ಕೂತು ತಲೆ ಬಾಚಿಕೊಳ್ಳುತ್ತಿದ್ದ.

"ಹೇಳಬೇಡ ಕಣೇ," ಎಂದೆ, ರೊಟ್ಟಿ ಕೊಡಲು ಬಂದಿದ್ದ ಅವಳಿಗೆ.

"ನಿಮಗೇನ್ರೀ ಅಮ್ಮಾರ, ಮ್ಯಾಲ ಕುಂತು ಫೋನ್ ಒತ್ತತೀರಿ. ನಾ ನಾಳಿ ಬುಟ್ಟಿ ಹೊತ್ಕೊಂಡು ಇಲ್ಲೇ ಬರಬೇಕಲ್ರೀ?"

ಕುಂಟುತ್ತಾ ಹೋಗಿ ಅವನ ಪಕ್ಕ ನಿಂತು, ಅವರು ಕಲಿಸಿಕೊಟ್ಟ ಮರಾಠಿ ಮಾತನ್ನು ಹೇಳಿದಳು. ನಗು ಸಾಲದೆಂದು ಇನ್ನೊಮ್ಮೆ ಹೇಳಿಸಿದರು. ಆಮೇಲೆ ಮುಚ್ಚಳ ಇಳಿಯಿತು.

ಸಂಜೆ ಅವಳಿಗೆ ಆ ವಿಡಿಯೊ ತೋರಿಸಿದೆ. ಬಗ್ಗಿ ನೋಡಿದಳು.

"ಚಂದ ಬಂದೀನೇನ್ರೀ?"

ಬಂದಿದ್ದಳು, ಪಾಪ. ನನಗೆ ಮಾತ್ರ ಆ ಫೋನನ್ನು ಸೋಪು ಹಾಕಿ ತೊಳೆಯಬೇಕು ಅನ್ನಿಸಿತು.