ನಾಗಕನ್ನೆಯ ಮದುವೆಗೆ ಬಂದವರು

ಕ್ಯಾರಲ್ಟನ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಎದುರು ಡೋನಟ್ ಅಂಗಡಿ ಇಟ್ಟಿದ್ದ ಕಾಂಬೋಡಿಯಾದ ಆಂಟಿಗೆ ಥಾಯ್ ಸೀರಿಯಲ್ ಹುಚ್ಚು. ಶನಿವಾರ ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿದ ಮೇಲೆ ಹಿಂದಿನ ರೂಮಿನಲ್ಲಿ ಟಿವಿ ಹಾಕೋರು. ಎಲ್ಲ ಅವರ ಖ್ಮೇರ್ ಭಾಷೆಗೆ ಡಬ್ ಆದವು. ನನಗೆ ಒಂದಕ್ಷರ ಬರಲ್ಲ. ಆಂಟಿ ಹರುಕುಮುರುಕು ಇಂಗ್ಲಿಷಿನಲ್ಲಿ ಕಥೆ ಹೇಳೋರು, ನಾನು ಮಿಕ್ಕಿದ ಡೋನಟ್ ತಿನ್ನುತ್ತಾ ಕೇಳುತ್ತಿದ್ದೆ. ನನ್ನ ಮಕ್ಕಳು ಅವರವರ ಫೋನಿನಲ್ಲಿ. ನನಗೂ ಕೂತು ನೋಡೋಕೆ ಒಂದು ಜೊತೆ ಬೇಕಿತ್ತು.

ಆ ವರ್ಷ ನೋಡುತ್ತಿದ್ದದ್ದು ನಾಗಕನ್ನೆಯ ಕಥೆ. "ಎಲ್ಲ ನಮ್ಮ ಕಥೇನೇ ಎತ್ತಿಕೊಂಡಿದ್ದಾರೆ" ಅಂತ ಆಂಟಿ ಥಾಯ್ ಜನರನ್ನು ಬೈಯೋರು, ಆದರೆ ಒಂದು ಕಂತೂ ಬಿಡುತ್ತಿರಲಿಲ್ಲ. ಖ್ಮೇರ್ ಜನ ಹೇಳೋ ಹಳೇ ಕಥೆಯಲ್ಲಿ ಇಂಡಿಯಾದಿಂದ ಬಂದ ರಾಜಕುಮಾರ ನಾಗರಾಜನ ಮಗಳನ್ನು ಮದುವೆಯಾಗಿ, ಅವಳ ಸೆರಗು ಹಿಡಿದು ನೀರೊಳಗಿನ ನಾಗಲೋಕಕ್ಕೆ ಹೋಗುತ್ತಾನೆ. ಇವತ್ತಿಗೂ ಅವರ ಮದುವೆಯಲ್ಲಿ ಗಂಡು ಹೆಣ್ಣಿನ ಸೆರಗಿನ ತುದಿ ಹಿಡಿದೇ ನಡೆಯಬೇಕಂತೆ. "ಅಯ್ಯೋ, ಹಾಗಾದರೆ ನಾವು ಗಂಡಿನ ಕಡೆ ಬೀಗರು! ಎಲ್ಲಿ, ಉಪಚಾರ ಮಾಡಿ" ಅಂದೆ. ಬೀಗರು ಅಂದರೇನು ಅಂತ ಬಿಡಿಸಿ ಹೇಳುವಷ್ಟರಲ್ಲಿ ಸಾಕುಬೇಕಾಯಿತು. ಆಂಟಿ ನಕ್ಕು ಇನ್ನೊಂದು ಡೋನಟ್ ಕೊಟ್ಟರು.

ಒಂದು ಮಾತ್ರ ನನ್ನ ತಲೆ ಕೆಡಿಸುತ್ತಿತ್ತು. ಸೀರಿಯಲ್‌ನಲ್ಲಿ ಸಂತೆಯೋ ಪೂಜೆಯೋ ಬಂದರೆ ಸಾಕು, ಆಂಟಿ ಅಲ್ಲೇ ನಿಲ್ಲಿಸಿ, ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಹಿಂದೆ ನಿಂತ ಗುಂಪಿನ ಮುಖಗಳನ್ನು ನೋಡೋರು. ಕೇಳಿದ್ದಕ್ಕೆ ಹೇಳಿದರು. ಯುದ್ಧದ ಕಾಲದಲ್ಲಿ ಅಪ್ಪ ಅಮ್ಮ ಸತ್ತ ಮೇಲೆ ಅಕ್ಕ ತಂಗಿ ಇಬ್ಬರೇ ಕಾಡಿನಲ್ಲಿ ಥಾಯ್ ಗಡಿಯ ಕಡೆ ನಡೆದರಂತೆ. ತಂಗಿಗೆ ಎಂಟು ವರ್ಷ. "ನನ್ನ ಬಟ್ಟೆ ತುದಿ ಬಿಡಬೇಡ ಅಂದಿದ್ದೆ. ಯಾವಾಗ ಬಿಟ್ಟಳೋ ಗೊತ್ತೇ ಆಗಲಿಲ್ಲ." ಗಡಿಯಾಚೆಯ ಎಷ್ಟೋ ಥಾಯ್ ಹಳ್ಳಿಗಳಲ್ಲಿ ಖ್ಮೇರ್ ಮಾತಾಡುವವರಿದ್ದಾರೆ, ಯಾರಾದರೂ ಸಾಕಿಕೊಂಡಿರಬಹುದು, ಶೂಟಿಂಗಿಗೆ ಊರಿನವರನ್ನೇ ನಿಲ್ಲಿಸುತ್ತಾರೆ. ಆ ಗುಂಪಿನಲ್ಲಿ ತಂಗಿಯ ಮುಖ ಕಂಡೀತು, ಇಷ್ಟೇ ಅವರ ಆಸೆ.

ನಾಗಕನ್ನೆಯ ಮದುವೆಯ ಕಂತು ಬಂತು. ಮದುಮಗ ಸೆರಗು ಹಿಡಿದ. ಆಂಟಿ ನಿಲ್ಲಿಸಿದರು. ಹೂವಿನ ತಟ್ಟೆ ಹಿಡಿದು ಸಾಲಾಗಿ ನಿಂತ ಪುಟ್ಟ ಹುಡುಗಿಯರನ್ನು ಒಬ್ಬೊಬ್ಬಳನ್ನೇ ಬೆರಳಿಟ್ಟು ನೋಡತೊಡಗಿದರು. ಹತ್ತು ನಿಮಿಷವಾಯಿತು. ನನಗೋ ಮುಂದೇನಾಗುತ್ತೆ ಅಂತ ತವಕ. ನನ್ನ ಹಾಳು ಬಾಯಿ ಸುಮ್ಮನಿರಬೇಕಲ್ಲ! "ಮಕ್ಕಳನ್ನ ಯಾಕೆ ನೋಡ್ತೀರಿ ಆಂಟಿ? ನಿಮ್ಮ ತಂಗಿಗೆ ಈಗ ಐವತ್ತು ದಾಟಿರುತ್ತೆ" ಅಂದುಬಿಟ್ಟೆ.

ಬೆರಳು ಟಿವಿಯ ಮೇಲೇ ನಿಂತಿತು. ಅವರಿಗೇನು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಇಷ್ಟು ವರ್ಷ ಹುಡುಕಿದ್ದು ಎಂಟು ವರ್ಷದವಳನ್ನೇ. ತಪ್ಪಾಯಿತು ಅಂದೆ, ಕೈ ಹಿಡಿದುಕೊಂಡೆ. ಆಂಟಿ ಕೈ ಬಿಡಿಸಿಕೊಂಡು ಟಿವಿ ಆರಿಸಿದರು.

ಮುಂದಿನ ಶನಿವಾರ ಅಂಜುತ್ತಲೇ ಹೋದೆ. ಆಂಟಿ ಟಿವಿ ಹಾಕಿದರು. ಆದರೆ ಕುರ್ಚಿಯನ್ನು ತಿರುಗಿಸಿ, ಟಿವಿಗೆ ಬೆನ್ನು ಮಾಡಿ, ನನ್ನೆದುರು ಕೂತರು.

"ನನ್ನದೂ ತಂಗಿಯದೂ ಒಂದೇ ಮುಖ ಅನ್ನುತ್ತಿದ್ದಳು ಅಮ್ಮ" ಅಂದರು. ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡರು. "ಚೆನ್ನಾಗಿ ನೋಡಿಕೋ. ಇನ್ನು ಮೇಲೆ ನೀನೇ ಹುಡುಕು. ಮುದುಕಿಯಾದ ಅವಳನ್ನ ನಾನು ಗುರುತು ಹಿಡಿಯಲಾರೆ."