ಸ್ಕ್ಯಾನಿನಲ್ಲಿ ಕಾಣದ ಪೆಟ್ಟು

ಬೆಟಗೇರಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿದ್ದ ಖಾನಾವಳಿಯ ಬೋರ್ಡಿನ ಮೇಲೆ ಹುಚ್ಚೀರಪ್ಪನ ಹೆಸರಿತ್ತು. ಆದರೆ ಊಟಕ್ಕೆ ಬರುವ ಹಮಾಲರು, ಕಾಲೇಜಿನ ಹುಡುಗರು ಎಲ್ಲರೂ "ಗದಿಗೆವ್ವನ ಕಡೆ ಹೋಗೋಣು" ಎಂದೇ ಅನ್ನುತ್ತಿದ್ದರು. ಅಡುಗೆ ಮಾಡುವಾಗ ಅವನ ಹೆಂಡತಿ ಗದಿಗೆವ್ವ ನಾಲಗೆಗೆ ಹಚ್ಚಿ ನೋಡಿದವಳಲ್ಲ. ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಕೂತಿದ್ದರೂ ಒಲೆಯ ಮೇಲಿನ ಬೆಳ್ಳುಳ್ಳಿ ಇನ್ನೂ ಹಸಿಯಿದೆಯೋ ಕೆಂಪಗಾಯಿತೋ ಅವಳ ಮೂಗಿಗೆ ಗೊತ್ತಾಗುತ್ತಿತ್ತು.

ಹೋದ ವರ್ಷ ತವರೂರು ಅಡರಕಟ್ಟಿಯಿಂದ ಗಂಡನ ಬೈಕಿನ ಹಿಂದೆ ಕೂತು ಬರುವಾಗ ದಾರಿಗೆ ನಾಯಿ ಅಡ್ಡ ಬಂತು. ಹುಚ್ಚೀರಪ್ಪನ ಮೊಣಕೈ ತರಚಿತು. ಗದಿಗೆವ್ವನ ತಲೆ ಡಾಂಬರಿಗೆ ಬಡಿಯಿತು. ಸ್ವಲ್ಪ ಹೊತ್ತು ಎಚ್ಚರವಿರಲಿಲ್ಲ. ಗದಗಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ತಲೆಗೆ ಪೆಟ್ಟು ಬಿದ್ದವರ ಮೇಲೆ ಸಂಶೋಧನೆ ನಡೆಸುತ್ತಿದ್ದ ಡಾಕ್ಟರ್ ಅನ್ನಪೂರ್ಣ ಅವಳ ಒಪ್ಪಿಗೆ ಪಡೆದು ಒಂದಿಷ್ಟು ರಕ್ತವನ್ನೂ ತೆಗೆದುಕೊಂಡರು. ಅದರ ಫಲಿತಾಂಶ ಬರಲು ಬಹಳ ದಿನ ಬೇಕು ಎಂದರು. ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಮರುದಿನವೇ ಮನೆಗೆ ಕಳಿಸಿದರು.

ಮತ್ತೆ ಅಡುಗೆಗೆ ನಿಂತ ಮೇಲೆ ಒಂದು ಮಧ್ಯಾಹ್ನ ಚಟ್ನಿಗೆ ಶೇಂಗಾ ಹುರಿಯುತ್ತಿದ್ದಳು. ಊಟಕ್ಕೆ ಕೂತವರೆಲ್ಲ ಕೆಮ್ಮತೊಡಗಿದರು. ಹುಚ್ಚೀರಪ್ಪ ಒಳಗೆ ಓಡಿ ಬಂದಾಗ ಬಾಣಲೆಯಲ್ಲಿ ಶೇಂಗಾ ಕಪ್ಪಾಗಿ ಹೊಗೆಯಾಡುತ್ತಿತ್ತು. ಗದಿಗೆವ್ವ ಬೇರೆಲ್ಲೋ ನೋಡುತ್ತ ಕೈಯಾಡಿಸುತ್ತಲೇ ಇದ್ದಳು.

"ಮೂಗಿಗೆ ಯಾವ ವಾಸನಿನೂ ಹತ್ತವಲ್ದು," ಎಂದಳು.

"ನೆಗಡಿ ಆಗಿರಬೇಕು ತಗೋ," ಎಂದ ಅವನು.

ಅದು ನೆಗಡಿಯಾಗಿರಲಿಲ್ಲ. ತಟ್ಟೆಗಳ ಸಪ್ಪಳಕ್ಕೆ ಅವಳ ತಲೆ ಸಿಡಿಯುತ್ತಿತ್ತು. ಪಲ್ಯಕ್ಕೆ ಎರಡು ಸಲ ಉಪ್ಪು ಬೀಳುತ್ತಿತ್ತು. ಎಂದೂ ದನಿ ಏರಿಸದವಳು ಗಿರಾಕಿಗಳ ಮೇಲೆ ಹರಿಹಾಯುತ್ತಿದ್ದಳು, ಆಮೇಲೆ ಮೂಲೆಯಲ್ಲಿ ಕೂತು ಅಳುತ್ತಿದ್ದಳು. ತಲೆ ನೋವೆಂದರೆ ಗಂಡ, "ಸ್ಕ್ಯಾನಿನ್ಯಾಗ ಏನೂ ಇಲ್ಲ ಅಂದಾರಲ್ಲ ಡಾಕ್ಟರು" ಎನ್ನುವನು. ಅತ್ತೆ ನೇರವಾಗಿಯೇ ಅಂದಳು: "ಮೈಗಳ್ಳತನಕ್ಕ ಬ್ಯಾನಿ ಅಂತ ಹೆಸರು ಇಟ್ಟಾಳ."

ಕೇಳಿ ಕೇಳಿ ಗದಿಗೆವ್ವನಿಗೇ ಅನುಮಾನ ಶುರುವಾಯಿತು. ಯಾರೂ ಇಲ್ಲದಾಗ ಇಂಗಿನ ಡಬ್ಬಿ ತೆರೆದು ಮೂಗಿಗೆ ಹಿಡಿಯುತ್ತಿದ್ದಳು. ಏನೂ ಬರುತ್ತಿರಲಿಲ್ಲ. ದೊಡ್ಡ ದೊಡ್ಡ ಡಾಕ್ಟರಿಗೆ ಕಾಣದ್ದು ನನ್ನ ತಲೆಯಲ್ಲಿ ಇರುವುದು ಹೇಗೆ? ಖರೇನೇ ನಾನು ನಾಟಕ ಮಾಡುತ್ತಿದ್ದೇನೆಯೇ?

ಒಂದು ಬೆಳಿಗ್ಗೆ ಗ್ಯಾಸಿನ ಪೈಪು ಸಡಿಲಾಗಿತ್ತು. ಕೋಣೆಯ ತುಂಬ ಗ್ಯಾಸ್ ಹರಡಿದ್ದರೂ ಅವಳು ನಡುವೆ ಕೂತು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಹುಚ್ಚೀರಪ್ಪ ರಟ್ಟೆ ಹಿಡಿದು ಹೊರಗೆ ಎಳೆದ. ಪುಣ್ಯಕ್ಕೆ ಬೆಂಕಿ ತಾಗಲಿಲ್ಲ.

"ಮನಿ ಮಂದಿನೆಲ್ಲಾ ಸುಡಾಕ ನಿಂತಿಯೇನ?" ಎಂದು ಅತ್ತೆ ಕೂಗಿದಳು. ಹುಚ್ಚೀರಪ್ಪ ಮಗಳನ್ನು ಓದಿಗಾಗಿ ಬೆಟಗೇರಿಯಲ್ಲೇ ಇರಿಸಿಕೊಂಡು ಅಂದೇ ಅವಳನ್ನು ಅಡರಕಟ್ಟಿಯ ಬಸ್ಸಿಗೆ ಹತ್ತಿಸಿದ. "ಆರಾಮ ಆದ ಮ್ಯಾಲ ಬಾ," ಎಂದ.

ತವರಿನಲ್ಲಿ ಅಣ್ಣ ಮಲ್ಲು ಅವಳಿಗೆ ಒಳಕೋಣೆಯಲ್ಲಿ ಹಾಸಿಗೆ ಹಾಸಿಕೊಟ್ಟ. ಅವಳು ದಿನವಿಡೀ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಆಗ ರಕ್ತದ ಫಲಿತಾಂಶ ಬಂದಿದೆಯೆಂದು ಆಸ್ಪತ್ರೆಯಿಂದ ಫೋನ್ ಬಂತು. ಮಲ್ಲು ಅವಳನ್ನು ಗದಗಿಗೆ ಕರೆದುಕೊಂಡು ಹೋದ.

ಡಾಕ್ಟರ್ ಅನ್ನಪೂರ್ಣ ನಿಧಾನವಾಗಿ ಬಿಡಿಸಿ ಹೇಳಿದರು. "ಮೆದುಳಿನ ಜೀವಕೋಶದೊಳಗ ಮನಿಗೆ ಕಂಬ, ತೊಲಿ ಇದ್ದಂಗ ಪ್ರೋಟೀನ್ ಇರತಾವು. ಜೋರಾಗಿ ಪೆಟ್ಟು ಬಿದ್ರ ಅವು ತುಂಡು ತುಂಡು ಆಗಿ ರಕ್ತದಾಗ ಬರತಾವ. ಸ್ಕ್ಯಾನಿನ ಚಿತ್ರದಾಗ ಇಷ್ಟು ಸಣ್ಣದು ಕಾಣಂಗಿಲ್ಲ. ಅವತ್ತು ತಗೊಂಡ ನಿಮ್ಮ ರಕ್ತದಾಗ ಆ ತುಂಡು ಭಾಳ ಅದಾವು."

"ಹಂಗಾರ ನಾ ಸುಳ್ಳು ಹೇಳಿಲ್ಲ?"

"ಯಾರು ಅಂದ್ರು ಸುಳ್ಳು ಅಂತ?"

ಗದಿಗೆವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮಲ್ಲು ಕಿಟಕಿಯ ಕಡೆ ತಿರುಗಿ ನಿಂತ. ಅಳು ನಿಂತ ಮೇಲೆ ಕೇಳಿದಳು, "ಮೂಗಿಗೆ ವಾಸನಿ ತಿರುಗಿ ಬರತೈತ್ರಿ?"

ಡಾಕ್ಟರ್ ರಿಪೋರ್ಟು ಮಡಚಿಟ್ಟರು. "ಇಂಥ ಪೆಟ್ಟಿಗೆ ವಾಸನಿ ಹೋಗತೈತಿ, ಕೆಲವರಿಗೆ ತಿರುಗಿ ಬರತೈತಿ. ನಿಮಗ ಇಷ್ಟು ದಿನ ಆದ್ರೂ ಬಂದಿಲ್ಲ. ಪೆಟ್ಟು ಬಿದ್ದೈತಿ ಅಂತ ರಕ್ತ ಹೇಳತೈತಿ, ಯಾವಾಗ ವಾಸಿ ಆಗತೈತಿ ಅಂತ ಹೇಳಂಗಿಲ್ಲ. ತಲಿನೋವಿಗೆ, ಸಿಟ್ಟಿಗೆ ಔಷಧ ಕೊಡತೀನಿ."

ಮಲ್ಲು ಫೋನಿನಲ್ಲಿ ರಕ್ತದ ವಿಷಯ ತಿಳಿಸಿ ತಂಗಿಯ ಗಂಡನಿಗೆ ಬಾಯಿಗೆ ಬಂದಂತೆ ಬೈದ. ಮರುದಿನ ಹುಚ್ಚೀರಪ್ಪ ಅಡರಕಟ್ಟಿಗೆ ಬಂದ. ಒಳಗೆ ಬರಲು ಧೈರ್ಯವಾಗದೆ ಕಟ್ಟೆಯ ಮೇಲೇ ಕೂತ.

"ತಪ್ಪಾತು, ನಡಿ," ಎಂದ.

"ನಾ ಬಾಯಿಬಿಟ್ಟು ಹೇಳಿದಾಗ ನಂಬಲಿಲ್ಲ," ಎಂದಳು ಗದಿಗೆವ್ವ. "ರಕ್ತ ಹೇಳಿದ ಮ್ಯಾಲ ನಂಬಿದಿ. ಆ ರಕ್ತ ತಗೊಳ್ಳದ ಇದ್ದಿದ್ರ?"

ಅವನು ಒಬ್ಬನೇ ಬೆಟಗೇರಿಗೆ ಮರಳಿದ. ಅವಳು ತಿಂಗಳೊಪ್ಪತ್ತು ತವರಲ್ಲೇ ಉಳಿದಳು. ಮಗಳು ಐಶ್ವರ್ಯಾಳ ಪರೀಕ್ಷೆ ಹತ್ತಿರ ಬಂದಾಗ ತಾನಾಗಿಯೇ ಬಸ್ ಹತ್ತಿ ಹೋದಳು.

ತಲೆನೋವು ಈಗ ಕಡಿಮೆಯಾಗಿದೆ. ವಾಸನೆ ಮಾತ್ರ ಮರಳಿಲ್ಲ. ಖಾನಾವಳಿಯ ರುಚಿ ಮೊದಲಿನಂತಿಲ್ಲವೆಂದು ಹಳೆಯ ಗಿರಾಕಿಗಳು ಅರ್ಧಕ್ಕರ್ಧ ಬಿಟ್ಟುಹೋದರು. ಗದಿಗೆವ್ವ ಒಗ್ಗರಣೆ ಹಾಕುವಾಗ ಹುಚ್ಚೀರಪ್ಪ ಒಲೆಯ ಬಳಿ ಬಂದು ನಿಲ್ಲುತ್ತಾನೆ, ಉಸಿರೆಳೆದು ನೋಡಿ "ಈಗ ಇಳಸು" ಎನ್ನುತ್ತಾನೆ. ಅವಳು ಇಳಿಸುತ್ತಾಳೆ. ಅದರಾಚೆ ಅವರ ನಡುವೆ ಮಾತು ಹೆಚ್ಚು ಬೆಳೆಯುವುದಿಲ್ಲ.