ಗೇಣುದ್ದದ ಮೂಳೆ

ಬೆಳಿಗ್ಗೆ ಕಾಪುವಿನ ನಮ್ಮ ಅಂಗಳ ಗುಡಿಸುವಾಗ ಬೇಲಿಯಾಚೆಯಿಂದ ನೆರೆಮನೆಯ ವಸಂತಿ ಅಕ್ಕ ನೆನಪಿಸಿದರು: "ಸಂಜೆ ಮರ ಕಡಿಯುವವ ಬರ್ತಾನೆ. ಮಾವಿನ ಮರದ ಆ ಪೊಟರೆಯ ಕೊಂಬೆ ಹೋಗಲಿ. ಗೂಬೆ ಕೂಗುವುದು ಒಳ್ಳೆಯದಲ್ಲ, ಅಲ್ವಾ?"

ಮರ ಇಬ್ಬರ ಬೇಲಿಯದ್ದು. "ನಾನು ಬರುವ ತನಕ ಕತ್ತಿ ಇಡಬಾರದು" ಎಂದು ಹೇಳಿಯೇ ಮಣಿಪಾಲದ ಬಸ್ಸು ಹತ್ತಿದೆ.

ಅಲ್ಲಿಯ ಪಳೆಯುಳಿಕೆ ಪ್ರದರ್ಶನದಲ್ಲಿ, ಯಾವುದೋ ದ್ವೀಪದಲ್ಲಿದ್ದ ದೈತ್ಯ ಗೂಬೆಯ ಕಾಲಿನ ಮೂಳೆಯ ಅಚ್ಚು ಉಂಟು. ಅದು ಹಾರಿದ್ದಕ್ಕಿಂತ ನೆಲದ ಮೇಲೆ ಓಡಿದ್ದೇ ಹೆಚ್ಚಂತೆ! ಅಂಜಲ್ ಮೀನು ಕೊಳ್ಳುವಾಗ ಮಾಡುವ ಹಾಗೆ ಅದರ ಮೇಲೆ ಗೇಣು ಹಿಡಿದೆ.

"ಮುಟ್ಟಬಾರದು ಮೇಡಂ," ಎಂದಳು ಮೇಜಿನ ಹಿಂದಿನ ಹುಡುಗಿ.

"ಮುಟ್ಟಲಿಲ್ಲಮ್ಮ, ಗಾಳಿಯಲ್ಲೇ ಅಳೆದೆ. ಈ ಜಾತಿ ಈಗ ಎಲ್ಲಿ ಉಂಟು?"

"ಎಲ್ಲಿಯೂ ಇಲ್ಲ."

ಸಂಜೆ ಚಪ್ಪಲಿ ಕಳಚದೆ ನೇರ ಮರದಡಿಗೆ ಹೋಗಿ ನಿಂತೆ. ಕತ್ತಿ ಹಿಡಿದವ ಆಗಲೇ ಬಂದಿದ್ದ. ವಸಂತಿ ಅಕ್ಕನಿಗೆ ಗೇಣು ತೋರಿಸಿದೆ. "ಕಾಲಿನ ಒಂದೇ ಮೂಳೆ ಇಷ್ಟುದ್ದ. ಅಂಥದ್ದು ಈಗ ಒಂದೂ ಇಲ್ಲ. ಈ ಕೊಂಬೆ ಕಡಿಯಲು ನಾನು ಬಿಡುವುದಿಲ್ಲ ಅಕ್ಕ."

ಅವರು ಒಣಗಿದ ಬಟ್ಟೆ ತೆಗೆಯುತ್ತಲೇ ಪೊಟರೆಯತ್ತ ನೋಡಿದರು. "ಅಷ್ಟು ದೊಡ್ಡದಾ ಮಾರಾಯ್ತಿ? ಹಾಗಾದರೆ ನಮ್ಮದು ಪಾಪ, ಎಷ್ಟು ಸಣ್ಣದು!" ಮತ್ತೆ ಕತ್ತಿ ಹಿಡಿದವನತ್ತ ತಿರುಗಿದರು: "ನೀನು ತೆಂಗಿನಕಾಯಿ ಮಾತ್ರ ಕೊಯ್ದು ಹೋಗು ಮಾರಾಯ."